ಕಾರ್ಮಿಕಬಂಧು ನಾರಾಯಣ ಮೇಘಾಜಿ ಲೋಖಂಡೆ

ಈ ವರ್ಷ ಶಾಲೆ ತೆರೆದ ಮೊದಲ ವಾರದಲ್ಲಿ, ಹೊರಗೆ ಮಳೆ ಹಿಡಿದುಕೊಂಡಿದ್ದಾಗ, ಏಳನೆಯ ಇಯತ್ತೆಯ ಮಕ್ಕಳನ್ನು ನಾನೊಂದು ಪ್ರಶ್ನೆ ಕೇಳಿದೆನು. ವಾರಕ್ಕೆ ಏಳು ದಿನಗಳಿರುವಾಗ ರವಿವಾರವೇ ಏಕೆ ನಮಗೆ ರಜೆ? ಒಬ್ಬನು ಅದು ಸರಕಾರದ ಅಪ್ಪಣೆ ಎಂದನು. ಇನ್ನೊಬ್ಬನು ಇಂಗ್ಲಿಷರು ಆ ದಿನ ಚರ್ಚಿಗೆ ಹೋಗುತ್ತಿದ್ದರು, ಅದಕ್ಕೆ ಎಂದನು. ಮೂರನೆಯವನಿಗೆ ಅದೊಂದು ಪ್ರಶ್ನೆಯೆಂದೇ ಅನ್ನಿಸಲಿಲ್ಲ. ಸೂರ್ಯನು ಪೂರ್ವಕ್ಕೆ ಮೂಡುವಂತೆ ರವಿವಾರಕ್ಕೆ ಸೂಟಿ ಇದ್ದೇ ಇರುವುದೆಂದು ಅವನ ಎಣಿಕೆ. ಕೊನೆಯ ಬಾಕಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ತಮ್ಮ ಮನೆಯಲ್ಲಿ ರವಿವಾರವೇ ಇಲ್ಲವೆಂದು ಹೇಳಿದಳು. ಅವಳ ತಂದೆ ಹೋಟೆಲಿನಲ್ಲಿ ಕೆಲಸ ಮಾಡುವವರು. ಅವರಿಗೆ ರಜೆ ಮಂಗಳವಾರ. ಮಿಕ್ಕ ಮಕ್ಕಳು ನಕ್ಕರು. ಆದರೆ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರ ಬಂದವಳು ಅವಳೇ. ರಜೆಯೆಂಬುದು ಆಕಾಶದಿಂದ ಇಳಿದು ಬರುವುದಿಲ್ಲ, ಅದನ್ನು ಯಾರೋ ಕೊಡಬೇಕು, ಕೊಡದಿದ್ದರೆ ಯಾರೋ ಕೇಳಬೇಕು ಎಂಬುದು ಅವಳ ಮನೆಯವರಿಗೆ ತಿಳಿದಿತ್ತು.

ನಮ್ಮ ಈ ಮುಂಬಯಿಯಲ್ಲಿ ಹಾಗೆ ಕೇಳಿದವರು ಸಾವಿರಾರು ಮಂದಿ ಗಿರಣಿ ಕೆಲಸಗಾರರು. ಅವರ ಪರವಾಗಿ ಅರ್ಜಿ ಬರೆದು, ಸಭೆ ಕೂಡಿಸಿ, ಪತ್ರಿಕೆ ನಡೆಸಿ ಹದಿನೇಳು ವರ್ಷಗಳ ಕಾಲ ದುಡಿದವರು ನಾರಾಯಣ ಮೇಘಾಜಿ ಲೋಖಂಡೆಯವರು. ಭಾರತದ ಕಾರ್ಮಿಕ ಚಳವಳಿಯ ಜನಕರೆಂದು ಅವರನ್ನು ಕರೆಯುವುದುಂಟು. 2005ರ ಮೇ 3ರಂದು ಭಾರತ ಸರಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಆದರೂ ಆ ದಿನ ನಮ್ಮ ತರಗತಿಯಲ್ಲಿ ಅವರ ಹೆಸರನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಅದಕ್ಕಾಗಿಯೇ ಈ ಬರಹ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಜನಿಸಿದರು. ಅವರ ಹಿರಿಯರ ಊರು ಪುಣೆ ಜಿಲ್ಲೆಯ ಕನ್ಹೇರಸರ. ಹೂವು ಕಾಯಿಪಲ್ಯಗಳನ್ನು ಬೆಳೆದು ಜೀವಿಸುವ ಮಾಳಿ ಸಮಾಜದ ಬಡ ಮನೆತನ ಅವರದು. ಮರಾಠಿಯಲ್ಲಿ ಲೋಖಂಡವೆಂದರೆ ಕಬ್ಬಿಣ. ಆ ಮನೆತನಕ್ಕೆ ಈ ಹೆಸರು ಹೇಗೆ ಬಂದಿದ್ದರೂ, ಹುಡುಗರು ಅವರ ಹೆಸರನ್ನು ನೆನಪಿಡುವುದಕ್ಕೆ ಇದೊಂದು ಅನುಕೂಲ. ಬಾಲಕ ನಾರಾಯಣನಿಗೆ ಐದು ವರ್ಷವಾಗಿದ್ದಾಗ, 1853ರ ಏಪ್ರಿಲ್ 16ರಂದು, ಬೋರಿಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲುಗಾಡಿ ಅವರ ಊರಾದ ಠಾಣೆಗೇ ಬಂದು ನಿಂತಿತು. ಮರುವರ್ಷವೇ ಕಾವಸಜಿ ನಾನಾಭಾಯಿ ದಾವರ ಎಂಬ ಪಾರಸೀ ವ್ಯಾಪಾರಿಯು ಮುಂಬಯಿಯ ತಾಡದೇವದಲ್ಲಿ ಮೊತ್ತಮೊದಲ ಹತ್ತಿಯ ಗಿರಣಿಗೆ ಅಸ್ತಿವಾರ ಹಾಕಿದನು. ಉಗಿಯ ಯಂತ್ರಗಳ ಈ ಹೊಸ ಯುಗವೂ ನಾರಾಯಣನೂ ಜೊತೆಜೊತೆಯಾಗಿ ಬೆಳೆದರೆಂದು ಹೇಳಬಹುದು.

ಠಾಣೆಯಲ್ಲಿ ಅವರ ಓದು ಮೆಟ್ರಿಕ್‌ವರೆಗೆ ಸಾಗಿತು. ಆ ಕಾಲದಲ್ಲಿ ಅವರಂಥ ಮನೆತನದ ಹುಡುಗನಿಗೆ ಅಷ್ಟು ವಿದ್ಯೆ ದೊರೆತುದೇ ದೊಡ್ಡ ಮಾತು. ಮೆಟ್ರಿಕ್‌ಗೇ ಓದು ನಿಂತ ನನ್ನಂಥವರಿಗೆ ಇದನ್ನು ಬರೆಯುವಾಗ ತುಸು ಸಮಾಧಾನವೂ ಆಗುತ್ತದೆಂದರೆ ಮಕ್ಕಳು ನಗಬಾರದು. ಮೊದಲು ರೈಲ್ವೆಯಲ್ಲಿಯೂ ಅನಂತರ ಅಂಚೆಯ ಇಲಾಖೆಯಲ್ಲಿಯೂ ಕೆಲಕಾಲ ನೌಕರಿ ಮಾಡಿ, ತರುವಾಯ ಅವರು ಮುಂಬಯಿಯ ಮಾಂಡವಿ ಗಿರಣಿಯಲ್ಲಿ ಉಗ್ರಾಣದ ಅಧಿಕಾರಿಯಾಗಿ ಸೇರಿಕೊಂಡರು.

ಗಿರಣಿಯ ಉಗ್ರಾಣದವನ ಸ್ಥಾನ ವಿಚಿತ್ರವಾದುದು. ಅವನು ಮಾಲಿಕನ ಕಡೆಯವನು. ಲೆಕ್ಕಪುಸ್ತಕ, ಬೀಗದ ಕೈ ಅವನ ಬಳಿ ಇರುತ್ತವೆ. ಅವನು ನೆರಳಿನಲ್ಲಿ ಕೂಡುತ್ತಾನೆ. ಆದರೆ ಯಂತ್ರದ ಎಣ್ಣೆಯೋ ತೊಗಲಿನ ಪಟ್ಟಿಯೋ ಬೇಕಾದಾಗ ಕೆಲಸಗಾರರು ಬಂದು ನಿಲ್ಲುವುದು ಅವನ ಬಾಗಿಲಿಗೇ. ಅವರ ಮೈಮೇಲಿನ ಹತ್ತಿಯ ಧೂಳು, ಬೆವರು, ಕೆಮ್ಮು ಎಲ್ಲವೂ ಅವನ ಕಣ್ಣೆದುರಿಗೇ ಇರುತ್ತವೆ. ಲೋಖಂಡೆಯವರು ಅಲ್ಲಿ ಕುಳಿತು ಕಂಡುದೇನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಇಂದು ಆ ಗಿರಣಿಗಳಿಲ್ಲ. 1982ರ ಜನವರಿ 18ರಂದು ತೊಡಗಿದ ದೊಡ್ಡ ಮುಷ್ಕರದ ತರುವಾಯ ಅವು ಒಂದೊಂದಾಗಿ ಮುಚ್ಚಿಹೋದವು. ಪರೇಲ, ಲಾಲಬಾಗಗಳಲ್ಲಿ ಅವುಗಳ ಜಾಗದಲ್ಲಿ ಗಾಜಿನ ಗೋಪುರಗಳೂ ಅಂಗಡಿಗಳ ಅರಮನೆಗಳೂ ಎದ್ದಿವೆ. ಅಲ್ಲಲ್ಲಿ ಒಂದು ಹಳೆಯ ಹೊಗೆಕೊಳವೆ ಮಾತ್ರ ನಿಂತಿರುವುದನ್ನು ನೀವು ಲೋಕಲ್ ಗಾಡಿಯ ಕಿಟಕಿಯಿಂದ ನೋಡಿರಬಹುದು.

ಆಗ ಗಿರಣಿಗಳಲ್ಲಿ ವಿದ್ಯುದ್ದೀಪವಿನ್ನೂ ಬಳಕೆಗೆ ಬಂದಿರಲಿಲ್ಲ. ಆದುದರಿಂದ ಕೆಲಸದ ವೇಳೆಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಸೂರ್ಯನೇ ನಿರ್ಣಯಿಸುತ್ತಿದ್ದನು. ಬೆಳಕು ಹರಿಯುವಾಗ ಯಂತ್ರ ಹೊರಟರೆ ಕತ್ತಲೆಯಾದಾಗ ನಿಲ್ಲುವುದು. ಚಳಿಗಾಲದಲ್ಲಿ ಹನ್ನೊಂದು ಹನ್ನೆರಡು ಗಂಟೆ, ಬೇಸಗೆಯಲ್ಲಿ ಹದಿಮೂರು ಹದಿನಾಲ್ಕು ಗಂಟೆ ದುಡಿಮೆ. ಹಗಲು ಉದ್ದವಾದಷ್ಟೂ ಲೋಕಕ್ಕೆಲ್ಲ ಸುಖ. ಗಿರಣಿಯವನಿಗೆ ಮಾತ್ರ ಅದು ಕಷ್ಟ. ನಡುಹಗಲಿನಲ್ಲಿ ಊಟಕ್ಕೆಂದು ಯಂತ್ರ ನಿಲ್ಲುವ ನಿಯಮವಿರಲಿಲ್ಲ. ಪಕ್ಕದವನಿಗೆ ತನ್ನ ಸಾಂಚೆಯನ್ನು ನೋಡಿಕೊಳ್ಳಲು ಹೇಳಿ, ಮೂಲೆಯಲ್ಲಿ ಕುಳಿತು ಭಾಕರಿಯನ್ನು ಅವಸರವಸರವಾಗಿ ನುಂಗಿ ಬರಬೇಕು. ವಾರದ ರಜೆಯೆಂಬುದು ಇಲ್ಲವೇ ಇಲ್ಲ. ದೊಡ್ಡ ಹಬ್ಬಗಳಿಗೆಂದು ವರುಷಕ್ಕೆ ಕೆಲವು ದಿನ ಗಿರಣಿ ಮುಚ್ಚುತ್ತಿತ್ತು. ಯಂತ್ರವನ್ನು ಒರೆಸಿ ತೊಳೆಯುವುದಕ್ಕೆ ಬಿಡುವಿನ ದಿನವೂ ಅರ್ಧ ಹೊತ್ತು ಕೆಲಸಗಾರರೇ ಬರಬೇಕಾಗಿತ್ತು.

ಸಂಬಳದ ಕತೆ ಇನ್ನೂ ಬೇರೆ. ಒಂದು ತಿಂಗಳು ದುಡಿದುದರ ಪಗಾರ ಮುಂದಿನ ತಿಂಗಳು ಬಹಳ ದಿನಗಳು ಕಳೆದ ಮೇಲೆ ಕೈಗೆ ಬರುವುದು. ಅಲ್ಲಿಯ ತನಕ ಅಂಗಡಿಯವನ ಬಳಿ ಸಾಲ, ಸಾಲದ ಮೇಲೆ ಬಡ್ಡಿ. ಮಾಡಿದ ದುಡಿಮೆಯ ಹಣವು ಹೀಗೆ ಮಾಲಿಕನ ಕೈಯಲ್ಲೇ ಒತ್ತೆಯಂತೆ ಉಳಿಯುತ್ತಿದ್ದುದರಿಂದ ಕೆಲಸಗಾರನು ಸಿಟ್ಟು ಬಂದರೂ ಬಿಟ್ಟುಹೋಗುವಂತಿರಲಿಲ್ಲ. ನೂಲು ಕೆಟ್ಟರೆ ದಂಡ, ತಡವಾಗಿ ಬಂದರೆ ದಂಡ. ಕೆಲಸಕ್ಕೆ ಸೇರಿಸುವವನೂ ತೆಗೆಯುವವನೂ ಮುಕಾದಮನೇ. ಅವನಿಗೂ ಕೈ ಬಿಸಿ ಮಾಡಬೇಕು. ಯಂತ್ರಕ್ಕೆ ಕೈ ಸಿಕ್ಕಿ ಬೆರಳೋ ತೋಳೋ ಹೋದರೆ ಮನುಷ್ಯನು ತನ್ನ ಕೊಂಕಣದ ಹಳ್ಳಿಗೆ ಹಿಂತಿರುಗಿ ಹೋಗುವನು. ಆತನ ಹೊಟ್ಟೆಗೇನೆಂದು ಕೇಳುವ ಕಾಯಿದೆ ಯಾವುದೂ ಇರಲಿಲ್ಲ. ಎಂಟು ಹತ್ತು ವರ್ಷದ ಮಕ್ಕಳೂ ಇದೇ ಛಾವಣಿಯ ಕೆಳಗಿದ್ದರು. ಇದನ್ನು ಓದುತ್ತಿರುವ ನಿಮ್ಮ ವಯಸ್ಸಿನವರು ಆಗ ಅಲ್ಲಿ ಹಳಬರೆನಿಸಿಕೊಳ್ಳುತ್ತಿದ್ದರು.

ಇಂಥದನ್ನು ಕಂಡವರು ಲೋಖಂಡೆಯವರೊಬ್ಬರೇ ಅಲ್ಲ. ಸೊರಾಬಜಿ ಶಾಪುರಜಿ ಬೆಂಗಾಲಿ ಎಂಬ ಪಾರಸೀ ಗೃಹಸ್ಥರು ಕಾರಖಾನೆಗಳಿಗೊಂದು ಕಾಯಿದೆ ಬೇಕೆಂದು ಬಹಳವಾಗಿ ಶ್ರಮಿಸಿದರು. ಇಂಗ್ಲೆಂಡಿನ ಕೆಲವು ದಯಾಳುಗಳೂ ದನಿಗೂಡಿಸಿದರು. ಅದರ ಫಲವಾಗಿ 1881ರಲ್ಲಿ ಮೊದಲನೆಯ ಕಾರಖಾನೆ ಕಾಯಿದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದು, ಏಳರಿಂದ ಹನ್ನೆರಡರವರೆಗಿನವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು ಎಂದು ಅದು ವಿಧಿಸಿತು. ಬೆಳೆದ ಗಂಡಸರ ಮತ್ತು ಹೆಂಗಸರ ವಿಷಯದಲ್ಲಿ ಅದು ಮೌನ. ಈ ಕಾಯಿದೆ ಕೆಲಸಗಾರರ ಮೇಲಿನ ಕರುಣೆಯಿಂದ ಬಂದುದು. ಕೆಲಸಗಾರರನ್ನು ಕೇಳಿ ಬಂದುದಲ್ಲ. ಅವರನ್ನು ಕೇಳಬೇಕು, ಅವರೇ ಬಾಯಿಬಿಟ್ಟು ಹೇಳಬೇಕು ಎಂಬ ವಿಚಾರವನ್ನು ಕಾರ್ಯಕ್ಕಿಳಿಸಿದುದರಲ್ಲಿ ಲೋಖಂಡೆಯವರ ವಿಶೇಷವಿದೆ.

ಈ ವಿಚಾರ ಅವರಿಗೆ ಬಂದುದು ಮಹಾತ್ಮಾ ಜೋತಿರಾವ ಫುಲೆಯವರ ಸಹವಾಸದಿಂದ. ಫುಲೆಯವರು 1873ರ ಸಪ್ಟೆಂಬರ್ 24ರಂದು ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ, ರೈತನೂ ಕೂಲಿಯವನೂ ವಿದ್ಯೆ ಕಲಿತು ತನ್ನ ಬುದ್ಧಿಯಿಂದ ನಡೆಯಬೇಕು ಎಂಬುದು ಆ ಸಮಾಜದ ಬೋಧೆ. ಮುಂಬಯಿಯಲ್ಲಿ ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ತೆಲುಗು ನಾಡಿನಿಂದ ವಲಸೆ ಬಂದು ಕಟ್ಟಡದ ಗುತ್ತಿಗೆ ಮುಂತಾದ ಉದ್ಯೋಗಗಳಲ್ಲಿ ಏಳಿಗೆ ಹೊಂದಿದವರು ಹಲವರಿದ್ದರೆಂಬುದನ್ನು ನಾವು ಮರೆಯಬಾರದು. ರಾಮಯ್ಯ ವೆಂಕಯ್ಯ ಅಯ್ಯಾವಾರು ಅವರಲ್ಲಿ ಪ್ರಮುಖರು. ಹೊಟ್ಟೆಪಾಡಿಗೆಂದು ಈ ಊರಿಗೆ ಬಂದ ದಕ್ಷಿಣದವರು ಇಲ್ಲಿಯ ಒಳ್ಳೆಯ ಕೆಲಸಗಳಿಗೆ ಹೆಗಲು ಕೊಟ್ಟುದು ಇತ್ತೀಚಿನ ಮಾತಲ್ಲ.

ಸಮಾಜದ ವಿಚಾರಗಳನ್ನು ಹರಡುವುದಕ್ಕಾಗಿ ಕೃಷ್ಣರಾವ ಭಾಲೇಕರರು 1877ರ ಜನವರಿಯಲ್ಲಿ ಪುಣೆಯಲ್ಲಿ ದೀನಬಂಧು ಎಂಬ ಮರಾಠಿ ವಾರಪತ್ರಿಕೆಯನ್ನು ತೆಗೆದಿದ್ದರು. ಅದು ದಖ್ಖಣದಲ್ಲಿ ಘೋರ ಬರಗಾಲ ಬಿದ್ದಿದ್ದ ಸಮಯ. ಹಣದ ಅಡಚಣೆಯಿಂದ ಪತ್ರಿಕೆ ನಡೆಯದಾಯಿತು. 1880ರಲ್ಲಿ ಲೋಖಂಡೆಯವರು ಅದನ್ನು ಮುಂಬಯಿಗೆ ತಂದು ಸಂಪಾದಕತ್ವವನ್ನು ವಹಿಸಿಕೊಂಡರು. ಗಿರಣಿಯ ಭದ್ರವಾದ ನೌಕರಿಯನ್ನು ಬಿಟ್ಟರು. ಸಂಸಾರವಂದಿಗನೊಬ್ಬನು ತಿಂಗಳು ತಿಂಗಳು ಬರುವ ಪಗಾರವನ್ನು ಬಿಟ್ಟು, ಆಗಲೇ ಒಮ್ಮೆ ಮುಳುಗಿದ್ದ ಪತ್ರಿಕೆಯನ್ನು ಹಿಡಿದುದನ್ನು ಕಂಡು ಹತ್ತಿರದವರು ಏನೆಂದುಕೊಂಡಿರಬಹುದೆಂದು ಊಹಿಸಿಕೊಳ್ಳಿರಿ. ಮುಂದೆ ಸಾಯುವ ತನಕ ಅವರು ಆ ಪತ್ರಿಕೆಯ ಭಾರವನ್ನು ಇಳಿಸಲಿಲ್ಲ. ರೈತರ ಸಾಲ, ಗಿರಣಿಯವರ ದಂಡ, ಮಕ್ಕಳ ಶಾಲೆ ಇವೆಲ್ಲ ಅದರ ಅಂಕಣಗಳಿಗೆ ಬಂದವು. ಆಗ ಚಾಳುಗಳಲ್ಲಿ ಅಕ್ಷರ ಬಲ್ಲವರು ವಿರಳ; ಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ ಸುತ್ತ ಕುಳಿತವರು ಕೇಳುತ್ತಿದ್ದರು.

1884ರಲ್ಲಿ ಮುಂಬಯಿ ಸರಕಾರವು 1881ರ ಕಾಯಿದೆಯನ್ನು ತಿದ್ದುವುದು ಅವಶ್ಯವೇ ಎಂದು ವಿಚಾರಿಸಲು ಒಂದು ಕಮಿಶನ್ನನ್ನು ನೇಮಿಸಿತು. ಕಮಿಶನ್ನಿನ ಮುಂದೆ ಮಾಲಿಕರು ಹೇಳುವರು, ವೈದ್ಯರು ಹೇಳುವರು, ಅಧಿಕಾರಿಗಳು ಹೇಳುವರು. ಕೆಲಸಗಾರರ ಮಾತೇನು? ಲೋಖಂಡೆಯವರು ಆ ವರ್ಷದ ಸಪ್ಟೆಂಬರ್ 23ರಂದೂ ಮತ್ತೆ 26ರಂದೂ ಪರೇಲಿನ ಸುಪಾರಿಬಾಗದಲ್ಲಿ ಗಿರಣಿ ಕೆಲಸಗಾರರ ಸಭೆಗಳನ್ನು ಕೂಡಿಸಿದರು. ಅಲ್ಲಿ ಒಪ್ಪಿಗೆಯಾದ ಅರ್ಜಿಗೆ 5,500 ಮಂದಿಯ ಸಹಿ ಬಿದ್ದಿತು. ಇಷ್ಟು ಮಂದಿ ತಮ್ಮ ಹೆಸರನ್ನು ಕಾಗದದ ಮೇಲೆ ಒಪ್ಪಿಸಿಕೊಟ್ಟರೆಂಬುದನ್ನು ಲಘುವಾಗಿ ಎಣಿಸಬೇಡಿರಿ. ಅರ್ಜಿಯ ಒಂದು ಪ್ರತಿ ಮುಕಾದಮನ ಕಣ್ಣಿಗೆ ಬಿದ್ದರೆ ಮರುದಿನ ಬಾಗಿಲು ಮುಚ್ಚಿತೆಂದೇ ಅರ್ಥ. ಮನೆಯಲ್ಲಿ ಅಕ್ಕಿಯಿಲ್ಲದವನಿಗೆ ಸಹಿಯೆಂಬುದು ಸಣ್ಣ ಪದಾರ್ಥವಲ್ಲ.

ಆ ಅರ್ಜಿಯಲ್ಲಿ ಅವರು ಬೇಡಿದುದೇನು? ರವಿವಾರ ಎಲ್ಲರಿಗೂ ಪೂರ್ಣ ವಿಶ್ರಾಂತಿ ಇರಬೇಕು. ದಿನವೂ ಮಧ್ಯಾಹ್ನ ಅರ್ಧ ಗಂಟೆಯ ಬಿಡುವು ಇರಬೇಕು. ಬೆಳಗ್ಗೆ ಆರೂವರೆಗೆ ಗಿರಣಿ ತೊಡಗಿ ಸೂರ್ಯಾಸ್ತಕ್ಕೆ ನಿಲ್ಲಬೇಕು. ತಿಂಗಳ ಪಗಾರವು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕೈಸೇರಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವ ತನಕ ಪಗಾರ ಸಿಗಬೇಕು, ಅಂಗಹೀನನಾದರೆ ಜೀವನಕ್ಕೆ ಏರ್ಪಾಡಾಗಬೇಕು. ಮಕ್ಕಳೇ, ಪಗಾರ ಹೆಚ್ಚಿಸಿರೆಂಬ ಮಾತು ಇದರಲ್ಲಿಲ್ಲ. ಅವರು ಬೇಡಿದುದು ವೇಳೆಯನ್ನು, ಉಸಿರಾಡುವ ಅವಕಾಶವನ್ನು, ಆಗಲೇ ದುಡಿದು ಗಳಿಸಿದ ತಮ್ಮದೇ ಹಣವನ್ನು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಯಲು ಅವರು ಇನ್ನೂ ಸಿದ್ಧರಿದ್ದರೆಂಬುದನ್ನು ನೋಡಿದರೆ, ಈ ಬೇಡಿಕೆಗಳು ಎಷ್ಟು ವಿನಯದವಾಗಿದ್ದವೆಂಬುದು ತಿಳಿಯುತ್ತದೆ.

ರವಿವಾರವೇ ಏಕೆ ಎಂಬ ನಮ್ಮ ಪ್ರಶ್ನೆಗೆ ಇಲ್ಲೊಂದು ಸ್ವಾರಸ್ಯವಿದೆ. ರವಿವಾರವು ಖಂಡೋಬನ ವಾರವಾದುದರಿಂದ ಆ ದಿನವನ್ನು ಕೆಲಸಗಾರರಿಗೆ ಬಿಟ್ಟುಕೊಡಬೇಕೆಂದು ಲೋಖಂಡೆಯವರು ವಾದಿಸಿದರೆಂದು ಹೇಳುತ್ತಾರೆ. ಜೇಜುರಿಯಲ್ಲಿ ಮರಾಠಿಗರು ಖಂಡೋಬನೆಂದು ಪೂಜಿಸುವ ದೈವವು ನಮಗೆ ಅಪರಿಚಿತನೇನಲ್ಲ. ಕನ್ನಡಿಗರು ಅವನನ್ನೇ ಮೈಲಾರಲಿಂಗನೆಂದೂ ಮಾಲತೇಶನೆಂದೂ ಕರೆಯುತ್ತಾರೆ. ನಾನು ಹುಟ್ಟಿ ಬೆಳೆದ ರಾಣೆಬೆನ್ನೂರಿನ ಸೀಮೆಯಲ್ಲಿ ದೇವರಗುಡ್ಡವೇ ಅವನ ನೆಲೆ. ಅವನ ಒಕ್ಕಲಿನ ಮನೆಗಳಲ್ಲಿ ರವಿವಾರ ದೇವರ ವಾರ. ಕಂಬಳಿಯ ಅಂಗಿ ತೊಟ್ಟ ಗೊರವಪ್ಪನು ಡಮರುಗ ಬಾರಿಸುತ್ತ ಬಂದರೆ ನನ್ನ ಅಜ್ಜಿ ಹಣೆಗೆ ಭಂಡಾರ ಹಚ್ಚಿಸಿಕೊಳ್ಳದೆ ಬಿಡುತ್ತಿರಲಿಲ್ಲ. ಇಂಗ್ಲಿಷ್ ಸಾಹೇಬನಿಗೆ ರವಿವಾರ ಆಗಲೇ ಪವಿತ್ರವಾಗಿತ್ತು. ಅದೇ ದಿನ ಕೂಲಿಕಾರನ ದೇವರಿಗೂ ಸಲ್ಲುವುದೆಂದು ತೋರಿಸಿದುದರಲ್ಲಿ ಲೋಖಂಡೆಯವರ ಜಾಣ್ಮೆಯಿದೆ.

ಈ ಹೊತ್ತಿನಲ್ಲಿಯೇ ಬಾಂಬೆ ಮಿಲ್‌ಹ್ಯಾಂಡ್ಸ್ ಅಸೋಸಿಯೇಶನ್ ಎಂಬ ಗಿರಣಿ ಕೆಲಸಗಾರರ ಸಂಘ ಹುಟ್ಟಿತು; ಲೋಖಂಡೆಯವರು ಅದರ ಅಧ್ಯಕ್ಷರಾದರು. ಇದನ್ನು ನಮ್ಮ ದೇಶದ ಮೊದಲ ಕಾರ್ಮಿಕ ಸಂಘವೆಂದು ಅನೇಕರು ಬರೆಯುತ್ತಾರೆ. ಈ ಮಾತನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕೆಂದು ನನಗೆ ತೋರುತ್ತದೆ. ಆ ಸಂಘಕ್ಕೆ ಸದಸ್ಯರ ಪಟ್ಟಿಯಿರಲಿಲ್ಲ, ನಿಧಿಯಿರಲಿಲ್ಲ, ಲಿಖಿತ ನಿಯಮಗಳಿರಲಿಲ್ಲ. ಕಷ್ಟ ಬಂದವರು ಲೋಖಂಡೆಯವರ ಬಳಿಗೆ ಬರುವರು. ಇವರು ಅರ್ಜಿ ಬರೆದುಕೊಡುವರು, ಬುದ್ಧಿ ಹೇಳುವರು. ಅಷ್ಟೇ ಅದರ ಸ್ವರೂಪ. ಅವರು ಮುಷ್ಕರ ಹೂಡುವ ಸ್ವಭಾವದವರಲ್ಲ; ಅರ್ಜಿ ಮತ್ತು ಸಭೆ ಅವರ ಸಾಧನಗಳು. ಸರಕಾರದ ನ್ಯಾಯಬುದ್ಧಿಯಲ್ಲಿ ಅವರಿಗಿದ್ದ ನಂಬಿಕೆ ನಮಗೆ ಈಗ ಅತಿಯೆನಿಸಬಹುದು. ಆದರೆ ಮೊದಲು ಹೊಲಕ್ಕೆ ಇಳಿದವನ ನೇಗಿಲು ಮರದ್ದಾಗಿತ್ತೆಂದು ಆತನನ್ನು ಹಳಿಯುವುದು ಸರಿಯಲ್ಲ.

1884ರ ಅರ್ಜಿಯಿಂದ ಕೂಡಲೇ ಫಲ ದೊರೆಯಲಿಲ್ಲ. ಕಮಿಶನ್ನು ವರದಿ ಬರೆಯಿತು, ವರದಿ ಕಪಾಟಿಗೆ ಹೋಯಿತು. ಗಿರಣಿಗಳು ಹೆಚ್ಚುತ್ತಲೇ ಇದ್ದವು. ಐದಾರು ವರ್ಷ ಹೀಗೆಯೇ ಕಳೆಯಿತು. ಇಷ್ಟು ಕಾಲ ಒಂದೇ ಮಾತನ್ನು ಮತ್ತೆ ಮತ್ತೆ ಬರೆಯುವುದು, ಹೇಳುವುದು, ಬೇಸರದ ಕೆಲಸ. ಸಹಿ ಹಾಕಿದವರೇ ಏನಾಯಿತೆಂದು ಕೇಳುವಾಗ ಕೊಡಲು ಉತ್ತರವಿರುವುದಿಲ್ಲ. ಅವರ ಜೀವನದ ಈ ವರ್ಷಗಳನ್ನು ಚರಿತ್ರೆಯ ಪುಸ್ತಕಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ.

1890ರ ಏಪ್ರಿಲ್ 24, ಗುರುವಾರ. ಮಹಾಲಕ್ಷ್ಮಿಯ ಕುದುರೆ ಪಂದ್ಯದ ಬಯಲಿನಲ್ಲಿ ಸುಮಾರು 10,000 ಗಿರಣಿ ಕೆಲಸಗಾರರು ನೆರೆದರು. ಶ್ರೀಮಂತರ ಕುದುರೆಗಳು ಓಡುವ ಬಯಲಿನಲ್ಲಿ ಅಂದು ಬಡವರ ಸಭೆ. ಧ್ವನಿವರ್ಧಕವಿಲ್ಲದ ಕಾಲ, ಹಿಂದೆ ನಿಂತವರಿಗೆ ಎಷ್ಟು ಕೇಳಿಸಿತೋ ತಿಳಿಯದು. ಆ ಸಭೆಯಲ್ಲಿ ಇಬ್ಬರು ಹೆಂಗಸರು, ಗಿರಣಿಯಲ್ಲಿ ದುಡಿಯುವವರೇ, ಎದ್ದು ನಿಂತು ಮಾತನಾಡಿದರು. ಆ ಕಾಲದಲ್ಲಿ ದೊಡ್ಡ ಮನೆತನದ ವಿದ್ಯಾವಂತ ಸ್ತ್ರೀಯರಿಗೂ ಸಾವಿರಾರು ಗಂಡಸರ ಮುಂದೆ ಭಾಷಣ ಮಾಡುವುದು ಸುಲಭವಿರಲಿಲ್ಲ. ಕೆಲಸ ಮುಗಿಸಿ ಮನೆಗೆ ಬಂದರೂ ಒಲೆ, ನೀರು, ಮಕ್ಕಳು ಎಂದು ಇನ್ನೊಂದು ಪಾಳಿ ದುಡಿಯಬೇಕಾದ ಅವರಿಗಿಂತ ವಾರದ ಒಂದು ದಿನದ ಬೆಲೆಯನ್ನು ಬಲ್ಲವರು ಯಾರು? ವಾರಕ್ಕೊಂದು ದಿನ ರಜೆ ಕೊಡಬೇಕೆಂಬ ಬೇಡಿಕೆಯನ್ನು ಸಭೆ ಒಕ್ಕೊರಲಿನಿಂದ ಅಂಗೀಕರಿಸಿ ಗಿರಣಿ ಮಾಲಿಕರ ಸಂಘಕ್ಕೆ ಕಳಿಸಿತು.

ಆ ಬೇಡಿಕೆಯಲ್ಲಿ ಅಡಗಿದ್ದ ತ್ಯಾಗವನ್ನೂ ಗಮನಿಸಬೇಕು. ಮಾಡಿದ ಕೆಲಸದ ಲೆಕ್ಕದ ಮೇಲೆ ಕೂಲಿ ಪಡೆಯುವವನಿಗೆ ರಜೆಯೆಂದರೆ ಆ ದಿನದ ಕೂಲಿ ಇಲ್ಲವೆಂದೇ ಅರ್ಥ. ಆದರೂ ಹತ್ತು ಸಾವಿರ ಮಂದಿ ರಜೆಯನ್ನೇ ಕೇಳಿದರು.

1890ರ ಜೂನ್ 10ರಂದು ಮಾಲಿಕರ ಸಂಘವು ರವಿವಾರದ ರಜೆಗೆ ಒಪ್ಪಿಕೊಂಡಿತು. ಏಳು ವಾರಗಳೊಳಗೆ! ಆರು ವರ್ಷ ಅರ್ಜಿಯಿಂದಾಗದ ಕೆಲಸ ಬಯಲಿನಲ್ಲಿ ನೆರೆದ ಜನಸಮೂಹದಿಂದ ಆಯಿತೆಂದು ನನಗೆ ಅನಿಸುತ್ತದೆ. ಆದರೆ ಆ ಆರು ವರ್ಷಗಳಿಲ್ಲದಿದ್ದರೆ ಬಯಲಿಗೆ ಬರುವವರು ಯಾರು?

ಅದೇ ವರ್ಷ ಭಾರತ ಸರಕಾರವು ಹೊಸದೊಂದು ಕಾರಖಾನೆ ಕಮಿಶನ್ನನ್ನು ನೇಮಿಸಿತು. ಮುಂಬಯಿಯ ವಿಚಾರಣೆಗೆ ಲೋಖಂಡೆಯವರನ್ನು ಅದರೊಡನೆ ಸೇರಿಸಿಕೊಂಡರು. ಒಮ್ಮೆ ಗಿರಣಿಯ ಉಗ್ರಾಣದಲ್ಲಿ ಕುಳಿತಿದ್ದವರು ಈಗ ಕೆಲಸಗಾರರ ಸಾಕ್ಷ್ಯ ಕೇಳುವವರ ಸಾಲಿನಲ್ಲಿ ಕುಳಿತರು. 1891ರ ಕಾಯಿದೆ ಇದರ ಬೆನ್ನಿಗೇ ಬಂದಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಂತಿತು; ಒಂಬತ್ತರಿಂದ ಹದಿನಾಲ್ಕರವರೆಗಿನವರಿಗೆ ದಿನಕ್ಕೆ ಏಳು ಗಂಟೆಯ ಮಿತಿ, ಹೆಂಗಸರಿಗೆ ಹನ್ನೊಂದು ಗಂಟೆಯ ಮಿತಿ. ಎಲ್ಲರಿಗೂ ನಡುಹಗಲು ಅರ್ಧ ಗಂಟೆಯ ಬಿಡುವು, ವಾರಕ್ಕೊಂದು ದಿನ ರಜೆ. ಸುಪಾರಿಬಾಗದ ಅರ್ಜಿಯ ಮೊದಲ ಎರಡು ಬೇಡಿಕೆಗಳು ಈಗ ದೇಶದ ಕಾಯಿದೆಯಾದವು. ಗಂಡಸರ ದುಡಿಮೆಯ ವೇಳೆಗೆ ಮಿತಿ ಬರುವುದಕ್ಕೆ ಮಾತ್ರ 1911ರ ತನಕ ಕಾಯಬೇಕಾಯಿತು.

ಈ ಕಾಯಿದೆಯನ್ನು ವಿರೋಧಿಸಿದವರು ಮಾಲಿಕರಷ್ಟೇ ಅಲ್ಲ. ಅಂದಿನ ಕೆಲವು ದೇಶಾಭಿಮಾನಿ ಪತ್ರಿಕೆಗಳೂ ವಿರೋಧಿಸಿದವು. ಇದು ಮ್ಯಾಂಚೆಸ್ಟರಿನ ಬಟ್ಟೆಯ ವ್ಯಾಪಾರಿಗಳು ನಮ್ಮ ಗಿರಣಿಗಳ ಕತ್ತು ಹಿಸುಕಲು ಹೂಡಿದ ಹೂಟವೆಂಬುದು ಅವುಗಳ ವಾದ. ಆ ವಾದದಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಲ್ಯಾಂಕಶಯರದ ಗಿರಣಿಗಳ ಒಡೆಯರು ಕಾಯಿದೆಗಾಗಿ ಒತ್ತಾಯಿಸಿದುದು ಪರೇಲಿನ ಕೂಲಿಯವನ ಮೇಲಿನ ಪ್ರೀತಿಯಿಂದಲ್ಲ. ಆದರೆ ನಮ್ಮ ದೇಶದ ಉದ್ಯಮ ಬೆಳೆಯಬೇಕಾದರೆ ನಮ್ಮ ದೇಶದ ಮಗುವೇ ಅದಕ್ಕೆ ಕಟ್ಟಿಗೆಯಾಗಬೇಕೇ ಎಂಬ ಪ್ರಶ್ನೆ ಉಳಿದೇ ಇತ್ತು. ಲೋಖಂಡೆಯವರು ಆ ಪ್ರಶ್ನೆಯ ಪಕ್ಕಕ್ಕೆ ನಿಂತರು, ಅದಕ್ಕಾಗಿ ಟೀಕೆಗೂ ಗುರಿಯಾದರು.

ಗಿರಣಿಯ ಕೆಲಸವೊಂದೇ ಅವರನ್ನು ಹಿಡಿದಿಟ್ಟಿರಲಿಲ್ಲ. ಗಂಡ ಸತ್ತ ಬ್ರಾಹ್ಮಣ ಸ್ತ್ರೀಯರ ತಲೆ ಬೋಳಿಸುವ ಕ್ರೂರ ಪದ್ಧತಿ ಆಗ ಇತ್ತು. 1890ರಲ್ಲಿ ಸತ್ಯಶೋಧಕರ ಪ್ರೇರಣೆಯಿಂದ ಮುಂಬಯಿಯ ನೂರಾರು ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ತಾವು ಆ ಕೆಲಸಕ್ಕೆ ಕತ್ತಿ ಎತ್ತುವುದಿಲ್ಲವೆಂದು ನಿಶ್ಚಯಿಸಿದರು. ಆ ಸಭೆಯ ಹಿಂದೆ ಲೋಖಂಡೆಯವರಿದ್ದರು. ಕೂಲಿ ತಪ್ಪಿದರೂ ಚಿಂತೆಯಿಲ್ಲ, ಅನ್ಯಾಯಕ್ಕೆ ಕೈ ಜೋಡಿಸುವುದಿಲ್ಲವೆಂದು ದುಡಿಯುವವರೇ ಒಟ್ಟಾಗಿ ಹೇಳಿದ ಈ ಪ್ರಸಂಗವನ್ನು ಪಠ್ಯಪುಸ್ತಕಗಳಲ್ಲಿ ಸೇರಿಸಬೇಕಾಗಿತ್ತು. ಅದೇ ವರ್ಷದ ನವಂಬರ್ 28ರಂದು ಗುರುಗಳಾದ ಫುಲೆಯವರು ತೀರಿಕೊಂಡರು.

1893ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ಭೀಕರವಾದ ದಂಗೆ ನಡೆಯಿತು. ಗಿರಣಿಗಳ ಕೇರಿಗಳಿಗೂ ಬೆಂಕಿ ತಗಲಿತು. ಒಂದೇ ಯಂತ್ರದ ಮುಂದೆ ದುಡಿದವರು ಎದುರುಬದುರಾದರು. ಲೋಖಂಡೆಯವರು ಎರಡೂ ಕಡೆಯವರನ್ನು ಸಮಾಧಾನಗೊಳಿಸಲು ಪರಿಶ್ರಮಪಟ್ಟರು. ಮುಂದೆ ಸರಕಾರವು ಅವರಿಗೆ ರಾವ್ ಬಹಾದ್ದೂರ್ ಪದವಿಯನ್ನು ಕೊಟ್ಟು ಗೌರವಿಸಿತು. ಪದವಿಗಳ ವಿಷಯವನ್ನು ಇಷ್ಟಕ್ಕೇ ಬಿಡೋಣ.

ಆ ಹುಡುಗಿಯ ತಂದೆಯ ಮಂಗಳವಾರದ ಮಾತು ಉಳಿದಿದೆ. ಲೋಖಂಡೆಯವರ ಕಾಲದ ಕಾಯಿದೆ ಕಾರಖಾನೆಗಳಿಗೆ ಮಾತ್ರ ಸಂಬಂಧಿಸಿತ್ತು. ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರು ಅದರ ಹೊರಗೆ ಉಳಿದಿದ್ದರು. ಅವರಿಗೂ ವಾರದ ರಜೆ ಸಿಗಬೇಕೆಂದು 1942ರಲ್ಲಿ ಬೇರೊಂದು ಕಾಯಿದೆ ಬಂದಿತು. ಕಾರಖಾನೆಗಳಿಗೆ 1948ರಲ್ಲಿ ಸ್ವತಂತ್ರ ಭಾರತದ ಹೊಸ ಕಾಯಿದೆಯಾಯಿತು. ಮಹಾಲಕ್ಷ್ಮಿಯ ಬಯಲಿನಿಂದ ಹೋಟೆಲಿನ ಅಡುಗೆಮನೆಗೆ ಬರುವುದಕ್ಕೆ ರಜೆಯು ಐವತ್ತೆರಡು ವರ್ಷ ನಡೆದು ಬಂದಿತು. ಕಾಯಿದೆಯ ಪುಸ್ತಕದಿಂದ ಇಳಿದು ಇನ್ನೂ ಎಷ್ಟೋ ಮನೆಗಳನ್ನು ಅದು ತಲುಪಿಲ್ಲವೆಂಬುದು ನಮ್ಮಲ್ಲಿ ಕೆಲವರಿಗಾದರೂ ಗೊತ್ತಿದೆ. ಪಾತ್ರೆ ತಿಕ್ಕುವ ತಾಯಂದಿರಿಗೆ, ಕಟ್ಟಡದ ಮೇಲೆ ಇಟ್ಟಿಗೆ ಹೊರುವವರಿಗೆ, ಸಾಮಾನಿನ ಚೀಲ ಹೊತ್ತು ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಓಡುವ ಹುಡುಗರಿಗೆ ರವಿವಾರ ಯಾವುದೆಂದು ಕೇಳಿ ನೋಡಿರಿ.

ಲೋಖಂಡೆಯವರ ಕೊನೆಯ ದಿನಗಳಿಗೆ ಬರೋಣ. 1896ರ ಸಪ್ಟೆಂಬರ್‌ನಲ್ಲಿ ಬಂದರದ ಬಳಿಯ ಮಾಂಡವಿ ಪೇಟೆಯಲ್ಲಿ ಪ್ಲೇಗಿನ ಮಾರಿ ಕಾಣಿಸಿಕೊಂಡಿತು. ಗಾಳಿ ಬೆಳಕು ಕಾಣದ ಚಾಳುಗಳಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಜನರು ಗಂಟುಮೂಟೆ ಕಟ್ಟಿಕೊಂಡು ರೈಲಿನಲ್ಲಿ, ದೋಣಿಯಲ್ಲಿ, ಕಾಲ್ನಡಿಗೆಯಲ್ಲಿ ಊರು ಬಿಟ್ಟು ಓಡಿದರು. ಗಿರಣಿಗಳಿಗೆ ಆಳುಗಳಿಲ್ಲವಾದರು. ಹೋಗಲು ಊರಿಲ್ಲದವರು, ಹೋಗಲು ಹಣವಿಲ್ಲದವರು ಉಳಿದರು. ಸರಕಾರಿ ಆಸ್ಪತ್ರೆಯೆಂದರೆ ಜನರಿಗೆ ರೋಗಕ್ಕಿಂತ ಹೆಚ್ಚಿನ ಭಯ; ಅಲ್ಲಿಗೆ ಒಯ್ದವರು ತಿರುಗಿ ಬರುವುದಿಲ್ಲವೆಂಬ ನಂಬಿಕೆಯಿಂದ ರೋಗಿಗಳನ್ನು ಮನೆಗಳಲ್ಲಿ ಬಚ್ಚಿಡುತ್ತಿದ್ದರು. ಲೋಖಂಡೆಯವರು ಜನರ ಈ ಭಯವನ್ನು ಅರಿತು, ತಮ್ಮವರೇ ನಡೆಸುವ ಮರಾಠಾ ಆಸ್ಪತ್ರೆಯೊಂದನ್ನು ಏರ್ಪಡಿಸಿ, ಬಡವರ ಶುಶ್ರೂಷೆಗೆ ನಿಂತರು. ಠಾಣೆಗೋ ಕನ್ಹೇರಸರಕ್ಕೋ ಹೊರಟುಹೋಗಲು ಅವರಿಗೆ ಅಡ್ಡಿಯೇನೂ ಇರಲಿಲ್ಲ.

ಆ ಸೇವೆಯಲ್ಲಿರುವಾಗಲೇ ಅವರಿಗೂ ರೋಗ ತಗಲಿತು. 1897ರ ಫೆಬ್ರವರಿ 9ರಂದು, ಐವತ್ತು ವರ್ಷ ತುಂಬುವುದಕ್ಕೆ ಮೊದಲೇ, ಅವರು ಮುಂಬಯಿಯಲ್ಲಿ ತೀರಿಕೊಂಡರು. ಒಂದು ತಿಂಗಳ ತರುವಾಯ, ಮಾರ್ಚ್ 10ರಂದು, ಪುಣೆಯಲ್ಲಿ ಪ್ಲೇಗಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಾವಿತ್ರಿಬಾಯಿ ಫುಲೆಯವರೂ ಅದೇ ರೋಗಕ್ಕೆ ತುತ್ತಾದರು.